ಬಿಪಿ ಇದ್ದವರು ಎಷ್ಟು ಜೋರಾಗಿ ವ್ಯಾಯಾಮ ಮಾಡಬಹುದು? ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಿಪಿ ಜಾಸ್ತಿ ಇದೆ ಎಂದು ಗೊತ್ತಾದ ದಿನವೇ ಡಾಕ್ಟರು ಮಾತ್ರೆ ಬರೆದು, ‘ದಿನಾ ಸ್ವಲ್ಪ ವಾಕಿಂಗ್ ಮಾಡಿ’ ಎನ್ನುತ್ತಾರೆ. ಹೊರಗೆ ಸಾಲು ಉದ್ದ ಇರುತ್ತದೆ. ಎಷ್ಟು ವೇಗ, ಎಷ್ಟು ಹೊತ್ತು, ಓಡಬಹುದಾ, ಭಾರ ಎತ್ತಬಹುದಾ ಎಂದು ಕೇಳುವಷ್ಟರಲ್ಲಿ ಮುಂದಿನವರ ಹೆಸರು ಕೂಗಿರುತ್ತಾರೆ. ನಾನು ಫಿಸಿಯೋಥೆರಪಿ ಮಾಡುವವಳು. ಮೊಣಕಾಲು, ಸೊಂಟ ತೋರಿಸಲು ಬಂದವರು ಎದ್ದು ಹೊರಡುವಾಗ ಈ ಪ್ರಶ್ನೆಗಳನ್ನೆಲ್ಲ ನನ್ನ ಮುಂದೆ ಇಡುತ್ತಾರೆ. ಹೆಚ್ಚು ಜನ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಅಧ್ಯಯನದ ಪ್ರಕಾರ, ನಮ್ಮ ವಯಸ್ಕರಲ್ಲಿ ನೂರಕ್ಕೆ 35ಕ್ಕೂ ಹೆಚ್ಚು ಜನರಿಗೆ ಬಿಪಿ ಇದೆ. ಹಾಗಾಗಿ ಇದು ಮನೆಮನೆಯ ಮಾತು.

ನಿಮ್ಮ ಮಾತ್ರೆ, ನಿಮ್ಮ ಹೃದಯದ ಸ್ಥಿತಿ ಗೊತ್ತಿರುವುದು ನಿಮ್ಮ ಡಾಕ್ಟರಿಗೆ. ಹೊಸದಾಗಿ ಏನೇ ಶುರು ಮಾಡುವ ಮೊದಲು ಅವರನ್ನು ಒಂದು ಮಾತು ಕೇಳಿ.

ವ್ಯಾಯಾಮದಿಂದ ಬಿಪಿ ನಿಜವಾಗಿ ಇಳಿಯುತ್ತದಾ? ಎಷ್ಟು ಇಳಿಯುತ್ತದೆ?

ಇಳಿಯುತ್ತದೆ. 2023ರಲ್ಲಿ ಬ್ರಿಟನ್ನಿನ ಸಂಶೋಧಕರು 270 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಎಲ್ಲ ಸೇರಿ ಸುಮಾರು 15,800 ಜನ. ನಡಿಗೆ, ಓಟ, ಸೈಕಲ್‌ನಂಥ ವ್ಯಾಯಾಮದಿಂದ ಮೇಲಿನ ಬಿಪಿ (120/80 ಎಂದರೆ 120) ಸರಾಸರಿ ನಾಲ್ಕೂವರೆ ಪಾಯಿಂಟ್, ಕೆಳಗಿನದು (80) ಎರಡೂವರೆ ಪಾಯಿಂಟ್ ಇಳಿದಿತ್ತು. ಅದರಲ್ಲಿ ಬಿಪಿ ಇಲ್ಲದವರೂ ಇದ್ದರು. ಮೊದಲೇ ಬಿಪಿ ಇದ್ದವರಲ್ಲಿ ಇಳಿಕೆ ಇನ್ನೂ ಜಾಸ್ತಿ. ಮೇಲಿನ ಬಿಪಿ 5ರಿಂದ 8 ಪಾಯಿಂಟ್ ಇಳಿಯಬಹುದು ಎಂಬುದು ಸಾಮಾನ್ಯ ಅಂದಾಜು.

‘ಐದೇ ಪಾಯಿಂಟಾ?’ ಎಂದು ಮುಖ ಸಪ್ಪೆ ಮಾಡುವವರಿದ್ದಾರೆ. ಮೇಲಿನ ಬಿಪಿಯನ್ನು 5 ಪಾಯಿಂಟ್ ಇಳಿಸಿದರೆ ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ಅಪಾಯಗಳು ನೂರಕ್ಕೆ ಸುಮಾರು ಹತ್ತರಷ್ಟು ಕಡಿಮೆಯಾಗುತ್ತವೆ ಎಂದು ಮಾತ್ರೆಗಳ ಮೇಲಿನ ದೊಡ್ಡ ಅಧ್ಯಯನಗಳು ತೋರಿಸಿವೆ. ಇದು ಸಣ್ಣ ಲಾಭ ಖಂಡಿತ ಅಲ್ಲ.

ವ್ಯಾಯಾಮ ಮಾಡುವಾಗ ಬಿಪಿ ಏರುತ್ತದಲ್ಲ? ಅದು ಅಪಾಯ ಅಲ್ವಾ?

ಏರಲೇಬೇಕು. ಕಾಲಿನ ಸ್ನಾಯು ಜಾಸ್ತಿ ರಕ್ತ ಕೇಳುತ್ತದೆ, ಹೃದಯ ಜೋರಾಗಿ ಒತ್ತುತ್ತದೆ. ಬಿರುಸಾಗಿ ನಡೆಯುವಾಗ ಮೇಲಿನ ಬಿಪಿ ಆರೋಗ್ಯವಂತರಿಗೂ 160ರ ಆಸುಪಾಸಿಗೆ ಹೋಗಬಹುದು. ದಮ್ಮು ಕಟ್ಟಿ ಓಡಿದರೆ 200 ಹತ್ತಿರವೂ ಹೋಗುತ್ತದೆ. ಆದರೆ ನಡಿಗೆ, ಓಟದಲ್ಲಿ ಕೆಳಗಿನ ಬಿಪಿ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಕೆಲವೊಮ್ಮೆ ತುಸು ಇಳಿಯುತ್ತದೆ. ಕೆಲಸ ಮಾಡುತ್ತಿರುವ ಸ್ನಾಯುವಿನ ರಕ್ತನಾಳಗಳು ಅಗಲ ಆಗುವುದೇ ಇದಕ್ಕೆ ಕಾರಣ.

ನಮಗೆ ಬೇಕಾದದ್ದು ನಡಿಗೆ ಮುಗಿದ ಮೇಲೆ ಸಿಗುತ್ತದೆ. ಅಗಲವಾದ ರಕ್ತನಾಳ ಕೂಡಲೇ ಬಿಗಿಯಾಗುವುದಿಲ್ಲ. ನರಗಳ ಒತ್ತಡವೂ ಸಡಿಲ ಆಗಿರುತ್ತದೆ. ಹಾಗಾಗಿ ವ್ಯಾಯಾಮದ ನಂತರ ಕೆಲವು ಗಂಟೆ, ಕೆಲವರಲ್ಲಿ ಹೆಚ್ಚುಕಡಿಮೆ ಒಂದು ದಿನದವರೆಗೂ, ಬಿಪಿ ಮೊದಲಿಗಿಂತ ಕೆಳಗೇ ಇರುತ್ತದೆ. ‘ದಿನಾ ಮಾಡಿ’ ಎಂದು ಹೇಳುವುದು ಇದಕ್ಕೇ. ಇವತ್ತಿನ ಇಳಿಕೆ ಮುಗಿಯುವ ಮೊದಲು ನಾಳೆಯದು ಶುರುವಾಗಬೇಕು. ಹೀಗೆ ಒಂದರಿಂದ ಮೂರು ತಿಂಗಳು ಬಿಡದೆ ಮಾಡಿದರೆ, ಸುಮ್ನೆ ಕೂತಾಗಿನ ಬಿಪಿಯೂ ಇಳಿದದ್ದು ಕಾಣುತ್ತದೆ.

ಹಗುರ, ಮಧ್ಯಮ, ಜೋರು ಎಂದು ಹೇಳುತ್ತೀರಿ. ನನ್ನದು ಯಾವುದು ಎಂದು ಗೊತ್ತಾಗುವುದು ಹೇಗೆ?

ಮಾತಾಡಿ ನೋಡಿ. ಅದಕ್ಕಿಂತ ಸುಲಭದ ಅಳತೆ ಇಲ್ಲ.

ನಡೆಯುತ್ತ ಹಾಡು ಹೇಳಲು ಬಂದರೆ ಅದು ಹಗುರ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತದೆ, ಆದರೆ ಹಾಡಲು ಉಸಿರು ಸಾಲುವುದಿಲ್ಲ ಎಂದರೆ ಮಧ್ಯಮ. ಎರಡು ಮೂರು ಶಬ್ದಕ್ಕೆ ಒಮ್ಮೆ ಉಸಿರು ಎಳೆಯಬೇಕಾದರೆ ಅದು ಜೋರು. ಹೆಜ್ಜೆ ಲೆಕ್ಕ ಇಡುವವರಿಗೆ ಇನ್ನೊಂದು ಗುರುತು ಇದೆ. ನಿಮಿಷಕ್ಕೆ ಸುಮಾರು 100 ಹೆಜ್ಜೆ ಬಿದ್ದರೆ ಹೆಚ್ಚಿನವರಿಗೆ ಮಧ್ಯಮ ವೇಗ ಬಂತು.

220ರಿಂದ ವಯಸ್ಸು ಕಳೆದು ನಾಡಿಬಡಿತದ ಲೆಕ್ಕ ಹಾಕುವ ಪದ್ಧತಿಯೂ ಇದೆ. ಬಿಪಿ ಮಾತ್ರೆ ತಿನ್ನುವವರಿಗೆ ಅದನ್ನು ನಾನು ಹೇಳುವುದಿಲ್ಲ. ಯಾಕೆ ಎಂಬುದು ಮಾತ್ರೆಯ ಪ್ರಶ್ನೆಯಲ್ಲಿದೆ.

ನೆನಪಿಡಬೇಕಾದ ಸಂಗತಿ ಒಂದಿದೆ. ಜೋರು ಎಂಬುದು ಆಯಾ ದೇಹದ ಮಟ್ಟಿಗೆ. ಕಾಲೇಜು ಹುಡುಗನಿಗೆ ಹಗುರವಾದ ನಡಿಗೆ, ಹತ್ತು ವರ್ಷ ಅಂಗಡಿ ಗಲ್ಲಾದ ಮುಂದೆ ಕೂತವರಿಗೆ ಜೋರೇ ಆಗಬಹುದು. ಪಕ್ಕದ ಮನೆಯವರ ವೇಗ ನೋಡಿ ನಿಮ್ಮ ವೇಗ ಇಟ್ಟುಕೊಳ್ಳಬೇಡಿ.

ನಾನು ದಿನಾ ಕಾರವಾರ ಬೀಚಿನಲ್ಲಿ ನಡೆಯುತ್ತೇನೆ. ಅದು ಸಾಕಾ?

ಬೀಚಿನಲ್ಲಿ ಎಲ್ಲಿ ನಡೆಯುತ್ತೀರಿ ಎಂಬುದರ ಮೇಲೆ ಇದೆ.

ಟಾಗೋರ್ ಬೀಚಿನಲ್ಲಿ ಬೆಳಿಗ್ಗೆ ನೋಡಿ. ನೀರಿನ ಅಂಚಿನಲ್ಲಿ ತೆರೆ ಬಂದು ಹೋದ ಜಾಗದ ಮರಳು ಗಟ್ಟಿ ಇರುತ್ತದೆ. ಹೆಜ್ಜೆ ಇಟ್ಟರೆ ಹಿಮ್ಮಡಿಯ ಗುರುತು ತೆಳ್ಳಗೆ ಬೀಳುತ್ತದೆ, ಅಷ್ಟೇ. ಅಲ್ಲಿ ನಡೆಯುವುದು ಹೆಚ್ಚುಕಡಿಮೆ ರಸ್ತೆಯಲ್ಲಿ ನಡೆದ ಲೆಕ್ಕ. ಹತ್ತು ಮಾರು ಮೇಲಕ್ಕೆ ಬನ್ನಿ, ಒಣ ಮರಳು. ಕಾಲು ಪಾದದವರೆಗೆ ಹೂತುಹೋಗುತ್ತದೆ, ಮುಂದೆ ತಳ್ಳಿದರೆ ಮರಳು ಹಿಂದಕ್ಕೆ ಜಾರುತ್ತದೆ. ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು ಎಂದು ಅಳತೆ ಮಾಡಿ ನೋಡಿದ್ದಾರೆ. ವೇಗ ಅದೇ, ಶ್ರಮ ಮಾತ್ರ ಎರಡು ಪಟ್ಟು.

ಅಂದರೆ ಒಂದೇ ಬೀಚಿನಲ್ಲಿ ಮಧ್ಯಮವೂ ಇದೆ, ಜೋರೂ ಇದೆ. ಹೊಸಬರು ಮೊದಲ ತಿಂಗಳು ಒದ್ದೆ ಮರಳಿನಲ್ಲೇ ನಡೆಯಿರಿ. ಬಿಪಿ ಹಿಡಿತಕ್ಕೆ ಬಂದ ಮೇಲೆ, ಕಾಲಿಗೆ ಬಲ ಬಂದ ಮೇಲೆ, ನಡುನಡುವೆ ಎರಡು ನಿಮಿಷ ಒಣ ಮರಳಿಗೆ ಏರಿ, ಮತ್ತೆ ಇಳಿಯಿರಿ. ಇಳಿಜಾರಾದ ದಂಡೆಯಲ್ಲಿ ಒಂದೇ ದಿಕ್ಕಿಗೆ ನಡೆದರೆ ಒಂದು ಕಾಲಿನ ಮೊಣಕಾಲಿಗೆ ಭಾರ ಜಾಸ್ತಿ ಬೀಳುತ್ತದೆ. ಹೋದ ದಾರಿಯಲ್ಲೇ ವಾಪಸ್ ಬಂದರೆ ಎರಡೂ ಕಾಲಿಗೆ ಸಮ ಆಗುತ್ತದೆ.

ಇನ್ನು ಮಾತು ಜೋರು, ನಡಿಗೆ ನಿಧಾನ, ಅರ್ಧ ದಾರಿಗೆ ಕಲ್ಲುಬೆಂಚು. ಇಂಥ ವಾಕಿಂಗ್‌ನಿಂದ ಮನಸ್ಸಿಗೆ ಹಿತ ಖಂಡಿತ ಇದೆ. ಬಿಪಿಗೆ ಅಷ್ಟು ಸಾಲುವುದಿಲ್ಲ.

ಜೋರಾಗಿ ಮಾಡಿದರೆ ಬಿಪಿ ಜಾಸ್ತಿ ಇಳಿಯುತ್ತದಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಬಿಪಿಯ ಮಟ್ಟಿಗೆ ಹಾಗೆ ಕಂಡುಬಂದಿಲ್ಲ. ಮೇಲೆ ಹೇಳಿದ 270 ಪ್ರಯೋಗಗಳ ಲೆಕ್ಕದಲ್ಲಿ ಬಿಟ್ಟುಬಿಟ್ಟು ಜೋರಾಗಿ ಮಾಡುವ ವ್ಯಾಯಾಮವೂ ಸೇರಿತ್ತು. ನಾಲ್ಕು ನಿಮಿಷ ದಮ್ಮು ಹತ್ತುವಷ್ಟು ಓಟ, ಮೂರು ನಿಮಿಷ ನಿಧಾನ ನಡಿಗೆ, ಮತ್ತೆ ಓಟ, ಹೀಗೆ. ಅದರಿಂದ ಮೇಲಿನ ಬಿಪಿ ಸುಮಾರು 4 ಪಾಯಿಂಟ್ ಇಳಿದಿತ್ತು. ಸಾಮಾನ್ಯ ನಡಿಗೆ, ಓಟ, ಸೈಕಲ್‌ನದ್ದು ನಾಲ್ಕೂವರೆ. ಹೆಚ್ಚುಕಡಿಮೆ ಸಮ.

ಜೋರಿನಿಂದ ಬೇರೆ ಲಾಭ ಇದೆ. ದಮ್ಮು, ಅಂದರೆ ಉಸಿರಿನ ತಾಕತ್ತು, ಬೇಗ ಬೆಳೆಯುತ್ತದೆ, ಸಮಯ ಉಳಿಯುತ್ತದೆ. ದೇವಿಮನೆ ಘಟ್ಟವನ್ನು ಸೈಕಲ್‌ನಲ್ಲಿ ಹತ್ತುವ ಹುಡುಗರನ್ನು ನೋಡಿದರೆ ನನಗೂ ಖುಷಿ. ಆದರೆ 50 ದಾಟಿದ, ಬಿಪಿ ಇದ್ದ, ವರ್ಷಗಟ್ಟಲೆ ಮೈ ಬಳಸದ ಮನುಷ್ಯ ಒಂದು ಭಾನುವಾರ ಎದ್ದು ಹಾಗೆ ಹೊರಟರೆ ಭಯ ಆಗುತ್ತದೆ. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೃದಯಾಘಾತ ಆದವರನ್ನು, ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿತ್ತು. ವಾರಕ್ಕೆ ಐದು ದಿನ ವ್ಯಾಯಾಮ ಮಾಡುವವರಿಗೆ ಬಿರುಸಿನ ಶ್ರಮದ ಹೊತ್ತಿನಲ್ಲಿ ಅಪಾಯ ಎರಡೂವರೆ ಪಟ್ಟಿನೊಳಗೆ ಏರಿತ್ತು. ಏನೂ ಮಾಡದೆ ಇದ್ದು ಒಮ್ಮೆಲೇ ಶ್ರಮಕ್ಕೆ ಬಿದ್ದವರಿಗೆ ಏರಿದ್ದು ನೂರು ಪಟ್ಟಿಗೂ ಹೆಚ್ಚು. ಒಂದೊಂದು ಸಲದ ಲೆಕ್ಕದಲ್ಲಿ ಅಪಾಯ ಸಣ್ಣದೇ. ಆದರೂ ಆ ಅಂತರ ನೋಡಿ.

ನನ್ನ ಸಲಹೆ ಇಷ್ಟು: ಬಿಪಿ ಇಳಿಸಲು ಮಧ್ಯಮ ವೇಗ ಸಾಕು, ಅದನ್ನು ಬಿಡದೆ ಮಾಡಿ. ಜೋರು ಬೇಕೆನಿಸಿದರೆ ಎರಡು ಮೂರು ತಿಂಗಳ ಮಧ್ಯಮ ನಡಿಗೆಯ ನಂತರ, ಡಾಕ್ಟರು ಒಪ್ಪಿದ ಮೇಲೆ, ಸ್ವಲ್ಪ ಸ್ವಲ್ಪವೇ ಸೇರಿಸಿ.

ವಾರಕ್ಕೆ ಎಷ್ಟು ಹೊತ್ತು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಹೀಗೆ: ಮಧ್ಯಮ ಆದರೆ ವಾರಕ್ಕೆ 150ರಿಂದ 300 ನಿಮಿಷ, ಜೋರು ಆದರೆ 75ರಿಂದ 150 ನಿಮಿಷ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುವಿಗೆ ಬಲ ಕೊಡುವ ವ್ಯಾಯಾಮ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಮಾಡಿದರೆ ಕೆಳಗಿನ ಮಿತಿ ಮುಟ್ಟಿದ ಹಾಗೆ. ಒಂದೇ ಸಲ ಆಗದಿದ್ದರೆ ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಮಾಡಿ. ಭಾನುವಾರ ಒಂದೇ ದಿನ ಎರಡೂವರೆ ಗಂಟೆ ನಡೆದು ಉಳಿದ ಆರು ದಿನ ಸುಮ್ನೆ ಕೂರುವುದಕ್ಕಿಂತ ಇದು ಬಿಪಿಗೆ ಒಳ್ಳೆಯದು.

ದಿನವಿಡೀ ಅಡಿಕೆ ತೋಟದಲ್ಲಿ ದುಡಿಯುತ್ತೇನೆ. ಮತ್ತೆ ವಾಕಿಂಗ್ ಯಾಕೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಬಂದವರು ಇದನ್ನು ಕೇಳದೆ ಇರುವುದಿಲ್ಲ. ಕೇಳುವುದು ಸರಿಯೂ ಹೌದು. ಹೊಟ್ಟೆಪಾಡಿಗೆ ಮೈ ದಂಡಿಸುವವರಿಗೆ ‘ವ್ಯಾಯಾಮ ಮಾಡಿ’ ಎಂದರೆ ಸಿಟ್ಟು ಬರುವುದು ಸಹಜ.

ವಿಶ್ವ ಆರೋಗ್ಯ ಸಂಸ್ಥೆ ಕೆಲಸದ ಶ್ರಮವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ಬಿಡುವಿನ ಹೊತ್ತಿನ ವ್ಯಾಯಾಮದಿಂದ ಹೃದಯಕ್ಕೆ ಸಿಗುವ ಲಾಭ, ಭಾರ ಎತ್ತುವ, ಬಗ್ಗಿ ಏಳುವ ಕೂಲಿಯ ದುಡಿಮೆಯಿಂದ ಅಷ್ಟು ಸ್ಪಷ್ಟವಾಗಿ ಸಿಕ್ಕಿಲ್ಲ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಯಾಕೆ ಎಂದು ತೋಟದಲ್ಲೇ ನಿಂತು ನೋಡೋಣ.

ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ದಿನ. ಮರದ ಮೇಲಿಂದ ಕೊನೆ ಇಳಿಯುತ್ತದೆ. ಕೆಳಗಿದ್ದವರು ಅದನ್ನು ಹಿಡಿದು, ಒಟ್ಟು ಮಾಡಿ, ಹೊರೆ ಕಟ್ಟಿ ತಲೆಗೇರಿಸುತ್ತಾರೆ. ನಮ್ಮ ಕಡೆ ತೋಟ ಕಣಿವೆಯಲ್ಲಿ, ಮನೆ ಮೇಲೆ. ಹೊರೆ ಹೊತ್ತು ದರೆ ಹತ್ತಬೇಕು. ಕುತ್ತಿಗೆ ಬಿಗಿ, ಹೊಟ್ಟೆ ಬಿಗಿ, ಎರಡು ಕೈ ಮೇಲೆ. ಏರಿನ ಕೊನೆಯ ಮೆಟ್ಟಿಲುಗಳಲ್ಲಿ ಉಸಿರು ಹಿಡಿದೇ ಹತ್ತುತ್ತಾರೆ. ಅಂಗಳಕ್ಕೆ ಬಂದು ಹೊರೆ ಇಳಿಸಿ ಒಂದು ದೊಡ್ಡ ಉಸಿರು. ಆಮೇಲೆ ಕೆಳಗಿಳಿದು ಮತ್ತೆ ಅದೇ. ಒಮ್ಮೆ ಸಿಕ್ಕಾಪಟ್ಟೆ ಜೋರು, ಒಮ್ಮೆ ನಿಂತು ಕಾಯುವುದು, ಒಮ್ಮೆ ಬಗ್ಗಿ ಹೆಕ್ಕುವುದು. ಒಂದೇ ಲಯದಲ್ಲಿ ಅರ್ಧ ಗಂಟೆ ಹೃದಯ ಬಡಿಯುವ ಅವಕಾಶ ಅದರಲ್ಲಿ ಇಲ್ಲ. ದಣಿದ ಮೇಲೆ ಸುಧಾರಿಸಿಕೊಳ್ಳಲು ಹೊತ್ತೂ ಇಲ್ಲ.

ಕೊಯ್ಲಿನ ಕಾಲದಲ್ಲಿ ಪ್ರತ್ಯೇಕ ವಾಕಿಂಗ್ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆಗ ಬೇಕಾದ್ದು ವಿಶ್ರಾಂತಿ, ನಿದ್ದೆ. ಹೊರೆ ಸಣ್ಣದು ಮಾಡಿ, ಒಂದು ಸಲ ಜಾಸ್ತಿ ಹತ್ತಿಳಿದರೂ ಪರವಾಗಿಲ್ಲ. ಉಳಿದ ತಿಂಗಳುಗಳಲ್ಲಿ ತೋಟಕ್ಕೆ ಹೋಗಿ ಬರುವ ದಾರಿಯನ್ನೇ ಬಳಸಿಕೊಳ್ಳಿ. ಕೈ ಖಾಲಿ ಇಟ್ಟು, ಒಂದೇ ಹದದಲ್ಲಿ, ಇಪ್ಪತ್ತು ಮೂವತ್ತು ನಿಮಿಷ. ಮಾತಾಡಬಹುದು, ಹಾಡಲಾಗದು, ಆ ಹದ.

ಭಾರ ಎತ್ತುವುದು, ಜಿಮ್‌ಗೆ ಹೋಗುವುದು ಬಿಪಿಗೆ ಕೆಟ್ಟದ್ದಾ? ರಂಪಣಿ ಬಲೆ ಎಳೆಯುವವರ ಗತಿ ಏನು?

ಭಾರಕ್ಕಿಂತ ದೊಡ್ಡ ಶತ್ರು ಕಟ್ಟಿದ ಉಸಿರು.

1985ರಲ್ಲಿ ಕೆನಡಾದ ಸಂಶೋಧಕರು ಐದು ಜನ ದೇಹದಾರ್ಢ್ಯ ಪಟುಗಳ ರಕ್ತನಾಳದ ಒಳಗೇ ಒತ್ತಡ ಅಳೆದರು. ಎರಡು ಕಾಲಿನಿಂದ ಭಾರೀ ತೂಕ ತಳ್ಳುವಾಗ ಸರಾಸರಿ ಬಿಪಿ 320/250ಕ್ಕೆ ಹೋಗಿತ್ತು. ಒಬ್ಬರಲ್ಲಿ 480/350 ದಾಟಿತ್ತು. ಅವರು ಆರೋಗ್ಯವಂತ ಯುವಕರು. ಬಾಯಿ ಮುಚ್ಚಿ, ಉಸಿರು ಕಟ್ಟಿ, ಮುಕ್ಕಿ ಎತ್ತಿದಾಗ ಎದೆಯೊಳಗಿನ ಒತ್ತಡವೂ ಸೇರಿ ಹೀಗಾಗುತ್ತದೆ.

ಅದಕ್ಕಾಗಿ ಭಾರವನ್ನೇ ಬಿಡಬೇಕಾಗಿಲ್ಲ. ಹಗುರ ತೂಕ, 10ರಿಂದ 15 ಸಲ ಆರಾಮಾಗಿ ಎತ್ತುವಷ್ಟು. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ತೆಗೆದುಕೊಳ್ಳಿ. ‘ಒಂದು, ಎರಡು’ ಎಂದು ಬಾಯಿಬಿಟ್ಟು ಎಣಿಸಿದರೆ ಉಸಿರು ಕಟ್ಟುವುದೇ ಇಲ್ಲ. ಆ 270 ಪ್ರಯೋಗಗಳ ಲೆಕ್ಕದಲ್ಲಿ ತೂಕದ ವ್ಯಾಯಾಮವೂ ಮೇಲಿನ ಬಿಪಿಯನ್ನು ನಾಲ್ಕೂವರೆ ಪಾಯಿಂಟ್‌ನಷ್ಟು ಇಳಿಸಿದೆ. ನಡಿಗೆ, ತೂಕ ಎರಡೂ ಸೇರಿಸಿ ಮಾಡಿದವರಲ್ಲಿ 6 ಪಾಯಿಂಟ್.

ದಂಡೆಯಿಂದ ಬಲೆ ಎಳೆದು ಮೀನು ಹಿಡಿಯುವ ರಂಪಣಿಯದ್ದು ಬೇರೆ ಲೆಕ್ಕ. ದಂಡೆಯಲ್ಲಿ ಎರಡು ಸಾಲು ನಿಂತು, ಹಗ್ಗ ಹಿಡಿದು, ಹಿಮ್ಮಡಿ ಮರಳಿಗೆ ಊರಿ, ಮೈ ಹಿಂದಕ್ಕೆ ಚೆಲ್ಲಿ ಎಳೆಯುತ್ತಾರೆ. ಬಲೆ ಅಲುಗದ ಕ್ಷಣಗಳಲ್ಲಿ ಎಲ್ಲರ ಉಸಿರೂ ನಿಂತಿರುತ್ತದೆ. ಒಟ್ಟಿಗೆ ಕೂಗು ಹಾಕುತ್ತ ಎಳೆಯುವಾಗ ಉಸಿರು ತಾನಾಗಿ ಹೊರಗೆ ಬರುತ್ತದೆ. ಆ ಕೂಗು ಬಿಡಬೇಡಿ. ಬಿಪಿ ಹಿಡಿತದಲ್ಲಿ ಇಲ್ಲದ ಹಿರಿಯರು ಹಗ್ಗಕ್ಕೆ ಕೈ ಹಾಕದೆ ಬೇರೆ ಹಗುರ ಕೆಲಸಕ್ಕೆ ನಿಲ್ಲುವುದು ಒಳ್ಳೆಯದು. ಇದು ಹೇಳಿದಷ್ಟು ಸುಲಭ ಅಲ್ಲ, ಪಾಲಿನ ಪ್ರಶ್ನೆ ಇರುತ್ತದೆ. ಜೊತೆಯವರು ಅರ್ಥ ಮಾಡಿಕೊಂಡರೆ ಒಂದು ಜೀವ ಉಳಿದೀತು.

ಗೋಡೆಗೆ ಒರಗಿ ಕೂರುವ ವ್ಯಾಯಾಮದಿಂದ ಬಿಪಿ ಬಹಳ ಇಳಿಯುತ್ತದಂತೆ. ನಿಜಾನಾ?

ನಿಜ. ಅದೇ 270 ಪ್ರಯೋಗಗಳ ಲೆಕ್ಕದಲ್ಲಿ ಅಲುಗದೆ ಬಿಗಿ ಹಿಡಿಯುವ ವ್ಯಾಯಾಮಗಳಿಂದ ಮೇಲಿನ ಬಿಪಿ 8 ಪಾಯಿಂಟ್‌ಗೂ ತುಸು ಜಾಸ್ತಿ ಇಳಿದಿತ್ತು. ಎಲ್ಲಕ್ಕಿಂತ ಹೆಚ್ಚು. ಅದರಲ್ಲೂ ಮುಂದೆ ಇದ್ದದ್ದು ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತಂತೆ ನಿಲ್ಲುವುದು.

ತೊಡೆ ಬಿಗಿಯಾಗಿರುವಾಗ ಒಳಗಿನ ರಕ್ತನಾಳ ಒತ್ತಿಹೋಗುತ್ತದೆ. ಸಡಿಲ ಬಿಟ್ಟ ಕೂಡಲೇ ರಕ್ತ ನುಗ್ಗುತ್ತದೆ. ತೋಟದ ನೀರಿನ ಪೈಪನ್ನು ಕಾಲಲ್ಲಿ ಮೆಟ್ಟಿ ಬಿಟ್ಟರೆ ಆಗುತ್ತದಲ್ಲ, ಹಾಗೆ. ಆ ನುಗ್ಗುವಿಕೆಯಿಂದ ನಾಳದ ಗೋಡೆ ಮತ್ತೆ ಮತ್ತೆ ಅಗಲವಾಗುವುದನ್ನು ಕಲಿಯುತ್ತದೆ.

ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಎರಡೆರಡು ನಿಮಿಷದಂತೆ ನಾಲ್ಕು ಸಲ, ನಡುವೆ ಒಂದರಿಂದ ನಾಲ್ಕು ನಿಮಿಷ ಬಿಡುವು, ವಾರಕ್ಕೆ ಮೂರು ದಿನ ಮಾಡಿಸುತ್ತಾರೆ. ನೀವು ಅರ್ಧ ನಿಮಿಷದಿಂದ ಶುರು ಮಾಡಿ. ತೀರಾ ಕೆಳಗೆ ಕೂರಬೇಡಿ. ಮಾಡುತ್ತ ಮಾತಾಡಲು ಆಗಬೇಕು. ಮಾಡುವ ಹೊತ್ತಿನಲ್ಲಿ ಕೆಳಗಿನ ಬಿಪಿಯೂ ಏರುವುದರಿಂದ, ಬಿಪಿ ಇನ್ನೂ ಹಿಡಿತಕ್ಕೆ ಬಾರದವರು ಇದನ್ನು ಮುಟ್ಟಬೇಡಿ. ಇನ್ನು, ಸಕ್ಕರೆ ಕಾಯಿಲೆ, ತೂಕ, ದಮ್ಮು, ನಿದ್ದೆ ಎಲ್ಲಕ್ಕೂ ಆಗುವುದು ನಡಿಗೆಯೇ. ಎಂಟು ನಿಮಿಷದಲ್ಲಿ ಕೆಲಸ ಮುಗಿಯಿತು ಎಂದು ನಡಿಗೆ ಬಿಡಬೇಡಿ.

ಬಿಪಿ ಎಷ್ಟಿದ್ದರೆ ವ್ಯಾಯಾಮ ಮಾಡಬಾರದು?

ಐದು ನಿಮಿಷ ಸುಮ್ನೆ ಕೂತು ನೋಡಿದಾಗ 180/110 ಅಥವಾ ಅದಕ್ಕಿಂತ ಮೇಲಿದ್ದರೆ ಆ ದಿನ ವ್ಯಾಯಾಮ ಬೇಡ. ಡಾಕ್ಟರನ್ನು ನೋಡಿ. ಮೇಲಿನ ಬಿಪಿ 160 ದಾಟಿದ್ದರೆ ಜೋರಿನ ವ್ಯಾಯಾಮ, ಭಾರ ಎತ್ತುವುದು ಬೇಡ. ಡಾಕ್ಟರು ಸರಿ ಎಂದರೆ ಹಗುರ ನಡಿಗೆ ಸಾಕು. ಹೃದಯದ ಕಾಯಿಲೆ, ಹಿಂದೆ ಪಾರ್ಶ್ವವಾಯು, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ತೊಂದರೆ, ಬಸುರಿ ಇರುವಾಗ ಬಿಪಿ ಇದ್ದವರು ಸಂಖ್ಯೆ ಎಷ್ಟೇ ಇರಲಿ ಮೊದಲು ಕೇಳಿಯೇ ಶುರು ಮಾಡಬೇಕು.

ನಡೆಯುವಾಗ ಎದೆ ಬಿಗಿದರೆ, ನೋವು ಕೈಗೋ ದವಡೆಗೋ ಹರಿದರೆ, ಕಣ್ಣು ಕತ್ತಲೆ ಬಂದರೆ, ಎಂದೂ ಇಲ್ಲದಷ್ಟು ಉಬ್ಬಸ ಆದರೆ ಅಲ್ಲೇ ನಿಲ್ಲಿಸಿ ಕೂತುಕೊಳ್ಳಿ. ಬಾಯಿ ಸೊಟ್ಟ ಆದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ. ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವುದು ದಯವಿಟ್ಟು ಬೇಡ.

ಬಿಪಿ ಮಾತ್ರೆ ತಿನ್ನುತ್ತೇನೆ. ಏನು ಗಮನಿಸಬೇಕು?

ಮಾತ್ರೆಯ ಹೆಸರು ನೋಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ಇದ್ದರೆ ಅವು ನಾಡಿಬಡಿತವನ್ನು ತಡೆಹಿಡಿಯುತ್ತವೆ. ಎಷ್ಟು ಶ್ರಮಪಟ್ಟರೂ ಕೈಗಡಿಯಾರದಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲ. ಅದನ್ನು ನೋಡಿ ‘ಇನ್ನೂ ಸಾಲದು’ ಎಂದು ಓಡಬಾರದು. ಇಂಥವರು ಮಾತಾಡಿ ನೋಡುವ ಅಳತೆಯನ್ನೇ ನಂಬಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಸೆಖೆಯ ದಿನ ನೀರಿನಂಶ ಬೇಗ ಕಡಿಮೆಯಾಗಿ ತಲೆ ತಿರುಗಬಹುದು. ಆಮ್ಲೋಡಿಪಿನ್ ತಿನ್ನುವವರಿಗೆ ಪಾದ ಊದಿದರೆ ಅದು ನಡಿಗೆಯಿಂದ ಬಂದದ್ದು ಎಂದುಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ.

ಯಾವ ಮಾತ್ರೆಯೇ ಇರಲಿ, ಬಿರುಸಿನ ನಡಿಗೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಕೊನೆಯ ಐದು ನಿಮಿಷ ನಿಧಾನ ಮಾಡಿ. ತಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ಬಿಪಿ ಕುಸಿಯುತ್ತದೆ, ತಲೆ ಸುತ್ತುತ್ತದೆ.

ಬಿಪಿ ನಾರ್ಮಲ್ ಬಂತು. ಮಾತ್ರೆ ಬಿಡಬಹುದಾ?

ನೀವಾಗಿ ಬಿಡಬೇಡಿ. ಕೆಲವು ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಬಿಪಿ ಮೊದಲಿಗಿಂತ ಜೋರಾಗಿ ಏರುತ್ತದೆ. ಮನೆಯಲ್ಲಿ ನೋಡಿದ ಸಂಖ್ಯೆಗಳನ್ನು ಬರೆದು ಡಾಕ್ಟರಿಗೆ ತೋರಿಸಿ. ಡೋಸ್ ಕಡಿಮೆ ಮಾಡುವುದು ಅವರ ಕೆಲಸ. ಚೆನ್ನಾಗಿ ನಡೆದವರಿಗೆ ಅವರು ಕಡಿಮೆ ಮಾಡಿಯೂ ಕೊಡುತ್ತಾರೆ.

ಮಳೆಗಾಲದಲ್ಲಿ ಏನು ಮಾಡುವುದು?

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸಾಧಾರಣ 3,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮಳೆ ಹಿಡಿಯಿತು ಎಂದು ನಾಲ್ಕು ತಿಂಗಳು ಬಿಟ್ಟರೆ, ಬೇಸಿಗೆಯಿಡೀ ನಡೆದು ಇಳಿಸಿದ್ದು ಕೆಲವೇ ವಾರಗಳಲ್ಲಿ ವಾಪಸ್ ಬರುತ್ತದೆ. ಗಣಪತಿ ಹಬ್ಬದ ಹೊತ್ತಿಗೆ ಬಿಪಿ ಏರಿಸಿಕೊಂಡು ಬರುವವರು ತುಂಬಾ ಜನ. ನನಗೆ ಬೇಜಾರಾಗುವುದು ಇದಕ್ಕೇ.

ಜಗಲಿ ಉದ್ದ ಇದ್ದರೆ ಅಲ್ಲೇ ಆಚೆ ಈಚೆ ನಡೆಯಿರಿ. ಇಲ್ಲದಿದ್ದರೆ ನಿಂತಲ್ಲೇ ಮೊಣಕಾಲು ಎತ್ತಿ ಹೆಜ್ಜೆ ಹಾಕಿ, ನಿಮಿಷಕ್ಕೆ ನೂರರಂತೆ, ಹತ್ತು ನಿಮಿಷ, ದಿನಕ್ಕೆ ಮೂರು ಸಲ. ರೇಡಿಯೋದಲ್ಲಿ ಹಾಡು ಹಾಕಿಕೊಂಡರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಂದೇ ಮೆಟ್ಟಿಲು ಹತ್ತಿ ಇಳಿಯುವುದೂ ಒಳ್ಳೆಯದು, ಗೋಡೆ ಹಿಡಿದುಕೊಂಡು. ಪಾಚಿ ಕಟ್ಟಿದ ಅಂಗಳ, ಸಂಕ (ಕಾಲುಸೇತುವೆ), ತೋಟದ ಏರಿನಲ್ಲಿ ಬಿರುಸು ಬೇಡ. ಬಿಪಿ ಇಳಿಸಲು ಹೋಗಿ ಸೊಂಟ ಮುರಿದುಕೊಂಡವರನ್ನೂ ನಾನೇ ನೋಡಬೇಕಾಗುತ್ತದೆ.

ಬೇಸಿಗೆಯಲ್ಲಿ ಬೆವರು ಸುರಿಯುತ್ತದೆ. ಉಪ್ಪು ಹಾಕಿದ ಶರಬತ್ತು ಕುಡಿಯಬೇಕಾ?

ಅರ್ಧ ಗಂಟೆಯ ನಡಿಗೆಗೆ ಬರೀ ನೀರು ಸಾಕು. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಹೃದಯಕ್ಕೆ ಕೆಲಸ ಜಾಸ್ತಿ. ಅದೇ ವೇಗ ಆಗ ಜೋರಾಗುತ್ತದೆ. ಹಾಗಾಗಿ ಬಿಸಿಲು ಏರುವ ಮೊದಲು ಅಥವಾ ಸೂರ್ಯ ಮುಳುಗಿದ ಮೇಲೆ ನಡೆಯಿರಿ, ವೇಗ ಒಂದು ಹದ ಇಳಿಸಿ.

ಉಪ್ಪಿನ ಬಗ್ಗೆ ಹೇಳಲೇಬೇಕು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚೆಯಷ್ಟು, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಘಟ್ಟದ ಮೇಲೆ ಊಟಕ್ಕೆ ಮಿಡಿ ಉಪ್ಪಿನಕಾಯಿ, ಅಪ್ಪೆಹುಳಿ, ಹಪ್ಪಳ. ಘಟ್ಟದ ಕೆಳಗೆ ಮಳೆಗಾಲಕ್ಕೆಂದು ಕಟ್ಟಿಟ್ಟ ಒಣಮೀನು. ಇವೆಲ್ಲ ನಮ್ಮ ನಾಲಿಗೆಗೆ ಅಂಟಿದ ರುಚಿ, ಪೂರ್ತಿ ಬಿಡಿ ಎನ್ನುವ ಮನಸ್ಸು ನನಗಿಲ್ಲ. ದಿನಾ ಬೇಡ. ಬೆಳಿಗ್ಗೆ ನಡೆದು ಗಳಿಸಿದ್ದನ್ನು ಮಧ್ಯಾಹ್ನದ ಉಪ್ಪಿನಕಾಯಿಯಲ್ಲಿ ಕಳೆಯುವುದು ಬೇಡ.

ಕವಳ (ಎಲೆಅಡಿಕೆ) ಹಾಕಿಕೊಂಡು ವಾಕಿಂಗ್ ಹೋದರೆ ತೊಂದರೆ ಇದೆಯಾ?

ತಂಬಾಕು ಇದ್ದರೆ ಖಂಡಿತ ಇದೆ. ನಿಕೋಟಿನ್ ನಾಡಿಬಡಿತ, ಬಿಪಿ ಎರಡನ್ನೂ ಏರಿಸುತ್ತದೆ, ರಕ್ತನಾಳ ಬಿಗಿ ಮಾಡುತ್ತದೆ. ನಡಿಗೆ ಮಾಡಬೇಕಾದ ಕೆಲಸಕ್ಕೆ ಸರಿಯಾಗಿ ಉಲ್ಟಾ. ತಂಬಾಕು ಬಿಡಲು ಸಹಾಯ ಬೇಕಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ.

ಯೋಗ, ಪ್ರಾಣಾಯಾಮ ಯಾವ ಲೆಕ್ಕಕ್ಕೆ ಸೇರುತ್ತದೆ?

ಹೆಚ್ಚಿನ ಆಸನಗಳು ಹಗುರ. ಸೂರ್ಯ ನಮಸ್ಕಾರವನ್ನು ಬಿಡುವಿಲ್ಲದೆ ಮಾಡಿದರೆ ಮಧ್ಯಮ. ನಿಮಿಷಕ್ಕೆ ಆರರಷ್ಟು ನಿಧಾನ ಉಸಿರಾಟದಿಂದ ಬಿಪಿ ತುಸು ಇಳಿಯುತ್ತದೆ. ಆದರೆ ಉಸಿರು ಬಹಳ ಹೊತ್ತು ಹಿಡಿಯುವ ಕುಂಭಕ, ಜೋರಿನ ಭಸ್ತ್ರಿಕಾ, ತಲೆಕೆಳಗಾಗುವ ಶೀರ್ಷಾಸನ ಇವು ಬಿಪಿ ಹಿಡಿತದಲ್ಲಿ ಇಲ್ಲದವರಿಗೆ ಬೇಡ.

ಯಕ್ಷಗಾನದ ಹೆಜ್ಜೆ ಕಲಿಯುತ್ತಿದ್ದೇನೆ. ಅದು ವ್ಯಾಯಾಮ ಆಗುತ್ತದಾ?

ಚೆನ್ನಾಗಿ ಆಗುತ್ತದೆ. ತಾಳಕ್ಕೆ ಹೆಜ್ಜೆ ಹಾಕುವುದು ಮಧ್ಯಮ, ದಿಗಿಣ (ಸುತ್ತುತ್ತ ಹಾರುವ ಕುಣಿತ) ಬಂದರೆ ಜೋರು. ಬಿಪಿ ಹಿಡಿತದಲ್ಲಿದ್ದರೆ ಹೆಜ್ಜೆ ಹಾಕಿ, ದಿಗಿಣಕ್ಕೆ ಮೊದಲು ಡಾಕ್ಟರನ್ನು ಕೇಳಿ. ರಾತ್ರಿಯಿಡೀ ಆಟ ನೋಡಿದ ಮರುದಿನ ಮಾತ್ರ ಹಗುರ ನಡಿಗೆ ಸಾಕು. ನಿದ್ದೆಗೆಟ್ಟ ಮೈಯಲ್ಲಿ ಬಿಪಿ ಹೇಗೂ ಏರಿರುತ್ತದೆ.

ಬೆಳಿಗ್ಗೆ ಒಳ್ಳೆಯದಾ, ಸಂಜೆಯಾ?

ನಿಮಗೆ ತಪ್ಪದೆ ಸಿಗುವ ಹೊತ್ತೇ ಒಳ್ಳೆಯದು.

ಮನೆಯಲ್ಲಿ ಬಿಪಿ ನೋಡುವುದು ಹೇಗೆ?

ತೋಳಿಗೆ ಕಟ್ಟುವ ಮೆಷಿನ್ ತೆಗೆದುಕೊಳ್ಳಿ, ಮಣಿಕಟ್ಟಿನದು ಬೇಡ. ವ್ಯಾಯಾಮ, ಚಹಾ, ಕವಳ ಆಗಿ ಅರ್ಧ ಗಂಟೆ ಬಿಡಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಕೈ ಎದೆಯ ಮಟ್ಟಕ್ಕೆ ಇರಲಿ. ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆದಿಡಿ. ಮನೆಯಲ್ಲಿ ಸರಾಸರಿ 135/85 ಅಥವಾ ಮೇಲಿದ್ದರೆ ಅದು ಜಾಸ್ತಿಯೇ. ವಾಕಿಂಗ್ ಮುಗಿಸಿ ಬಾಗಿಲಲ್ಲೇ ಮೆಷಿನ್ ಕಟ್ಟಿ ಗಾಬರಿ ಬೀಳುವವರು ಬಹಳ. ಆಗ ಏರಿರುವುದು ಸಹಜ, ಇಳಿಯುವುದು ತುಸು ಸುಧಾರಿಸಿಕೊಂಡ ಮೇಲೆ.

ನಮ್ಮ ಆಯಿಗೆ 72 ವರ್ಷ. ಬಿಪಿ ಇದೆ, ಮೊಣಕಾಲು ನೋವೂ ಇದೆ. ಅವರು ಏನು ಮಾಡಬಹುದು?

ಆಯಿ ಕೂತಲ್ಲಿಂದಲೇ ಶುರು ಮಾಡಬಹುದು. ಗಟ್ಟಿ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೇರ ಎತ್ತಿ ಇಳಿಸುವುದು, ಹತ್ತು ಸಲ. ಕೈಗಳನ್ನು ಮೇಲೆ ಕೆಳಗೆ ಆಡಿಸುವುದು. ಕೂತಲ್ಲೇ ಹೆಜ್ಜೆ ಹಾಕುವುದು, ಐದು ನಿಮಿಷ. ಇವನ್ನು ಬೆಳಿಗ್ಗೆ ಸಂಜೆ ಮಾಡಲಿ. ಒಂದೆರಡು ವಾರದ ನಂತರ ಕುರ್ಚಿಯಿಂದ ಎದ್ದು ಕೂರುವುದು, ಕೈ ಊರಿಕೊಂಡೇ, ಐದು ಸಲ. ಏಳುವಾಗ ಉಸಿರು ಬಿಡಲಿ. ಅದು ಆದ ಮೇಲೆ ಅಂಗಳದಲ್ಲಿ ಹತ್ತು ನಿಮಿಷ ನಡಿಗೆ, ಪಕ್ಕದಲ್ಲಿ ಯಾರಾದರೂ ಇರಲಿ. ಅವರಿಗೆ ಹಗುರವೂ ಲಾಭವೇ, ಮಧ್ಯಮ ಮುಟ್ಟಲೇಬೇಕು ಎಂಬ ಹಟ ಬೇಡ.

ಮಲಗಿದಲ್ಲಿಂದ ಎದ್ದಾಗ ಅವರಿಗೆ ತಲೆ ತಿರುಗುತ್ತದಾ ಎಂದು ಕೇಳಿ ನೋಡಿ. ಹೌದು ಎಂದರೆ ಕೂತಾಗಿನ ಬಿಪಿ, ನಿಂತು ಒಂದು ಮತ್ತು ಮೂರು ನಿಮಿಷದ ನಂತರದ ಬಿಪಿ, ಈ ಮೂರನ್ನೂ ಚೀಟಿಯಲ್ಲಿ ಬರೆದು ಮುಂದಿನ ಸಲ ಡಾಕ್ಟರ ಹತ್ತಿರ ಒಯ್ಯಿರಿ. ನಿಂತಾಗ ಮೇಲಿನ ಬಿಪಿ 20 ಪಾಯಿಂಟ್ ಇಳಿಯುತ್ತಿದ್ದರೆ ಮೊದಲು ಮಾತ್ರೆ ಸರಿ ಮಾಡಿಸಿಕೊಳ್ಳಿ, ನಡಿಗೆ ಆಮೇಲೆ.